ಹೊಟ್ಟೆಯೊಳಗಿನ ಮೀನು

"ಬಾಯಿ ತೆಗಿ. ಇನ್ನೂ ಅಗಲ ತೆಗಿಯೇ ಕತ್ತೆ, ಏನು ಮುತ್ತು ಉದುರಿ ಹೋಗ್ತವಾ?"

ರೋರಾ ಸಲಿಕೆಯನ್ನು ಮಣ್ಣಿಗೆ ನೆಟ್ಟು ಬಾಯಿ ತೆಗೆದಳು. ರೇಂಜರ್ ಪ್ರಿಂಗಲ್ ಬೆತ್ತದ ತುದಿಯನ್ನು ಅವಳ ಗದ್ದಕ್ಕೆ ಒತ್ತಿ ಮುಖವನ್ನು ಬಿಸಿಲಿಗೆ ತಿರುಗಿಸಿದ. ಕುದುರೆ ಕೊಳ್ಳುವವನ ಹಾಗೆ ಹಲ್ಲಿನ ಸಂದುಗಳನ್ನು ನೋಡಿದ. ಮೂಸಿ ನೋಡುವುದಕ್ಕೆ ಮಾತ್ರ ತಾನು ಬಗ್ಗಲಿಲ್ಲ. ಪಕ್ಕದಲ್ಲಿ ಮೀನು, ಬೇಟೆ ಕಾಯುವ ಇಲಾಖೆಯ ಟೋಪಿ ಹಾಕಿಕೊಂಡು ನಿಂತಿದ್ದ ಸಹಾಯಕನ ಕಡೆ ಕಣ್ಣು ಹೊರಳಿಸಿದ.

"ನೋಡೋ ಹೋಹೆಪಾ. ಮಾವೊರಿ ಬಾಯಿಯ ನಾತ ಮಾವೊರಿಗೇ ಚೆನ್ನಾಗಿ ಗೊತ್ತಾಗೋದು."

ಹೋಹೆಪಾ ರೋರಾಳ ಒಡಹುಟ್ಟಿದ ತಮ್ಮ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ರೂಢಿಯಂತೆ, ಊರಲ್ಲಿ ಎದುರುಬದುರಾದರೆ ಅಕ್ಕ ತಮ್ಮ ಮೂಗಿಗೆ ಮೂಗು ತಾಗಿಸಿ, ಒಬ್ಬರ ಉಸಿರನ್ನೊಬ್ಬರು ಹಂಚಿಕೊಂಡೇ ಮಾತಿಗೆ ತೊಡಗುವುದು. ಈಗಲೂ ಅವನು ಅಷ್ಟೇ ಹತ್ತಿರ ಬಂದ. ಕಣ್ಣು ಮುಚ್ಚಿಕೊಂಡು ಅಕ್ಕನ ಬಾಯಿ ಮೂಸಿದ.

"ಮೀನಲ್ಲ ಸ್ವಾಮಿ. ಆಲೂಗೆಡ್ಡೆ."

"ನಿನ್ನೆ ದಿನಾನೂ ಆಲೂಗೆಡ್ಡೆ ಅಂದೆ."

"ನಿನ್ನೇನೂ ಅದೇ ತಿಂದಿದ್ರು ಸ್ವಾಮಿ."

ಮುಂದಿನ ಸರದಿ ಕಾಟೆರಿನಾಳದು. ರೋರಾಳ ನೆರೆಮನೆಯವಳು, ಬಾಯಿಬಡುಕಿ. ಅವಳು ಕೇಳುವ ಮೊದಲೇ ಬಾಯಿ ಬಿಟ್ಟು, ನಾಲಗೆ ಚಾಚಿ, ರೇಂಜರನ ಮುಖಕ್ಕೆ ಸರಿಯಾಗಿ ಒಂದು ತೇಗು ತೇಗಿದಳು.

"ನೋಡಪ್ಪಾ ದೊರೆ, ಚೆನ್ನಾಗಿ ಬಗ್ಗಿ ನೋಡು. ಕರುಳೂ ಕಾಣಬೇಕು. ಅದೂ ಖಾಲೀನೇ."

ಗುಂಡಿಯ ಸುತ್ತ ನಿಂತಿದ್ದ ಹೆಂಗಸರು ನಗು ನುಂಗಿಕೊಂಡರು. ಪ್ರಿಂಗಲ್ ಬೆತ್ತ ಎತ್ತಿದವನು ಏನನ್ನಿಸಿತೋ ಇಳಿಸಿದ. "ಕೆಲಸ ನೋಡ್ರೇ, ಸೂಳೆಯರಾ," ಎಂದು ದೋಣಿಯ ಕಡೆ ಹೋದ.

ಕೆಲಸವೆಂದರೆ ಮೀನು ಹೂಳುವುದು. ಇಲಾಖೆಯ ದೋಣಿ ಬೆಳಗಿನಿಂದ ಬಲೆ ಎಳೆದು ಟ್ರೌಟ್ ಮೀನನ್ನು ದಡಕ್ಕೆ ಸುರಿಯುತ್ತಿತ್ತು. ತೋಳುದ್ದದ ಮೀನುಗಳು, ತಲೆ ಮಾತ್ರ ದಪ್ಪ, ಒಡಲು ಹಾವಿನಂತೆ ಬತ್ತಿಹೋಗಿತ್ತು. ಇಂಗ್ಲೆಂಡಿನಿಂದ ಗಾಳ ಹಾಕುವುದಕ್ಕೆಂದೇ ಹಡಗು ಹತ್ತಿ ಬರುವ ದೊರೆಗಳಿಗೆ ಇಂಥ ಬಡಕಲು ಮೀನು ಹಿಡಿಯುವುದು ಅವಮಾನವಂತೆ. ಒಂದಷ್ಟನ್ನು ತೆಗೆದುಹಾಕಿದರೆ ಮಿಕ್ಕವು ಕೊಬ್ಬುತ್ತವೆ ಎಂದು ಇಲಾಖೆ ತೀರ್ಮಾನಿಸಿತ್ತು. ತೆಗೆದ ಮೀನನ್ನು ಊರಿನವರು ಮನೆಗೆ ಒಯ್ಯುವಂತಿರಲಿಲ್ಲ. ಗುಂಡಿ ತುಂಬಿದ ಮೇಲೆ ಪ್ರಿಂಗಲ್ ಡಬ್ಬದಿಂದ ಸೀಮೆಎಣ್ಣೆ ಸುರಿಯುತ್ತಿದ್ದ, ಆಮೇಲೆ ಹೆಂಗಸರು ಮಣ್ಣು ಎಳೆಯಬೇಕು. ಸಂಜೆ ಮನೆಗೆ ಹೋಗುವಾಗ ಅವರ ಕೈ, ಕೂದಲು, ಲಂಗವೆಲ್ಲ ಮೀನೂ ಸೀಮೆಎಣ್ಣೆಯೂ ಕಲೆತ ವಾಸನೆ ಹೊಡೆಯುತ್ತಿತ್ತು. ಮಕ್ಕಳು ಆ ಕೈ ಮೂಸಿ ಇನ್ನಷ್ಟು ಹಸಿಯುತ್ತಿದ್ದವು.

ರೋರಾಳ ಅಜ್ಜಿ ಮಿರಿಯಾಮಾ ಹುಡುಗಿಯಾಗಿದ್ದಾಗ ಈ ಸರೋವರದಲ್ಲಿ ಟ್ರೌಟ್ ಇರಲಿಲ್ಲ. ಆಗ ಇದ್ದದ್ದು ಬೆರಳುದ್ದದ ಕೊವಾರೊ ಮೀನು. ಹಿಂಡು ಬಂತೆಂದರೆ ನೀರೇ ಬಣ್ಣ ಬದಲಿಸುತ್ತಿತ್ತು. ಬುಟ್ಟಿಯಲ್ಲಿ ಮೊಗೆದು, ಒಣಗಿಸಿ, ಚಳಿಗಾಲವೆಲ್ಲ ತಿಂದು, ಕಡಲ ಕಡೆಯ ನೆಂಟರಿಗೂ ಹೊರೆ ಕಟ್ಟಿ ಕಳಿಸುತ್ತಿದ್ದರು. ಆ ಮೇಲೆ ಸರ್ಕಾರದವರು ತಣ್ಣನೆಯ ಡಬ್ಬಗಳಲ್ಲಿ ಏನೋ ಮರಿ ತಂದು, ಕೈಕೂಸಿನಂತೆ ಜೋಪಾನವಾಗಿ ನೀರಿಗೆ ಬಿಟ್ಟರು. ದಡದಲ್ಲಿ ನಿಂತು ನೋಡಿದ ಊರವರಿಗೆ ನಗು ಬಂದಿತ್ತಂತೆ. ಆ ಮರಿಗಳು ಬೆಳೆದು ಕೊವಾರೊ ಹಿಂಡನ್ನೆಲ್ಲ ನುಂಗಿದವು. ನುಂಗಿದ ಮೀನು ಸರ್ಕಾರದ್ದು, ಮುಟ್ಟಿದರೆ ಕೋರ್ಟು ಎಂದು ಕಾಯ್ದೆ ಬಂತು. ಗುಡ್ಡಕ್ಕೆ ಬಿಟ್ಟ ಕೊಂಬಿನ ಜಿಂಕೆಗಳದೂ ಅದೇ ಕತೆ. ಗೆಣಸಿನ ಹೊಲಕ್ಕೆ ನುಗ್ಗಿ ಬಳ್ಳಿಯೆಲ್ಲ ಮೇದವು ಎಂದು ದೂರು ಕೊಟ್ಟರೆ, "ಬೇಲಿ ಎತ್ತರ ಕಟ್ಟಿಕೊಳ್ಳಿ, ಜಿಂಕೆಗೆ ಗಾಯ ಆದೀತು ಜೋಕೆ," ಎಂದಿದ್ದ ಪ್ರಿಂಗಲ್.

ಮೀನು ಹೂಳುತ್ತಿದ್ದ ಆ ವಾರವೇ ಅಜ್ಜಿ ಹಾಸಿಗೆ ಹಿಡಿದಳು. ತಾಯಿ ಸತ್ತ ಮೇಲೆ ರೋರಾ ಮತ್ತು ಹೋಹೆಪಾ ಇಬ್ಬರನ್ನೂ ಸಾಕಿದವಳು ಅವಳೇ. ಗದ್ದದ ಮೇಲಿನ ಹಸಿರು ಹಚ್ಚೆ ಸುಕ್ಕಿನಲ್ಲಿ ಮುಚ್ಚಿಹೋಗಿತ್ತು. ಸಾವಿಗೆ ಅವಳು ಹೆದರಿರಲಿಲ್ಲ. ಅವಳ ಚಿಂತೆಯೇ ಬೇರೆ.

"ರೋರಾ, ನಾನು ಹೋದ್ರೆ ಕಡಲ ಕಡೆಯೋರು ಬತ್ತಾರೆ ಕಣೇ. ಅವರ ಯಜಮಾನ ಪಾವೊರಾ ಬತ್ತಾನೆ. ಅವನ ತಾಯಿ ಸತ್ತಾಗ ನಮಗೆ ಎಂಥಾ ಊಟ ಇಕ್ಕಿದ್ರು ಗೊತ್ತಾ?"

"ಗೊತ್ತು ಬುಡಜ್ಜಿ, ಮಲಿಕ್ಕೊ."

"ಏನಿಕ್ತೀಯೇ ಅವ್ರಿಗೆ?"

"ಆಲೂಗೆಡ್ಡೆ ಐತೆ."

"ಆಲೂಗೆಡ್ಡೆ!" ಮುದುಕಿ ಗೋಡೆಯ ಕಡೆ ಹೊರಳಿದಳು. "ಕೆರೆ ದಡದ ಊರಿಗೆ ಬಂದೋರು ಆಲೂಗೆಡ್ಡೆ ತಿಂದು ಹೋದ್ರು ಅಂದ್ರೆ, ಹೋದ ಕಡೆ ನಮ್ಮ ಹಿರೀಕರ ಮುಂದೆ ನಾನು ತಲೆ ಎತ್ತಲಾ, ಬಗ್ಗಿಸಲಾ?"

ಎರಡು ದಿನಕ್ಕೆ ಉಸಿರು ನಿಂತಿತು.

ಹೆಣವನ್ನು ಊರ ಸಭಾಮನೆಯ ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿಸಿದರು. ತಲೆಗೆ ಹಸಿರೆಲೆಯ ಸಿಂಬಿ ಸುತ್ತಿಕೊಂಡ ಮುದುಕಿಯರು ಎರಡೂ ಕಡೆ ಕುಳಿತು ರಾಗವೆತ್ತಿ ಅತ್ತರು. ಕಡಲ ಕಡೆಯವರು ಎರಡು ಲಾರಿಯಲ್ಲಿ ಬರುತ್ತಾರೆಂದು ಸುದ್ದಿ ಬಂತು. ರೋರಾ ಅಳುವುದನ್ನು ಬಿಟ್ಟು ಎದ್ದಳು. ಅಟ್ಟದ ಮೇಲೆ ಸುತ್ತಿಟ್ಟಿದ್ದ ಹಳೆಯ ನಾರಿನ ಬಲೆಯನ್ನು ಇಳಿಸಿ ಹೆಗಲಿಗೆ ಹಾಕಿಕೊಂಡಳು. ಕಾಟೆರಿನಾ ಏನೂ ಕೇಳದೆ ಇನ್ನೊಂದು ತುದಿ ಹಿಡಿದಳು.

ದಾರಿಯಲ್ಲಿ ಹೋಹೆಪಾ ಅಡ್ಡ ನಿಂತ. ಅಜ್ಜಿ ಸತ್ತ ದಿನವೂ ಅವನಿಗೆ ರಜೆ ಸಿಕ್ಕಿರಲಿಲ್ಲ. ಟೋಪಿ ತಲೆಯ ಮೇಲೇ ಇತ್ತು.

"ಅಕ್ಕಾ, ಬ್ಯಾಡ. ಹಾಡುಹಗಲು."

"ಕತ್ಲಲ್ಲಿ ಹಿಡಿಯೋಕೆ ನಾನೇನು ಕಳ್ಳೀನಾ?"

"ಅವನಿಗೆ ಗೊತ್ತಾದ್ರೆ ನನ್ನ ಹೊಟ್ಟೆ ಮೇಲೆ ಹೊಡೀತಾನೆ. ಮಕ್ಕಳವ್ರೆ ನಂಗೆ."

"ಹಂಗಾರೆ ಹೋಗಿ ಹೇಳ್ಕೊಳ್ಳಲಾ. ಅಜ್ಜಿ ಹೆಣಕ್ಕೆ ಬಂದೋರಿಗೆ ನಮ್ಮಕ್ಕ ಊಟ ಇಕ್ತಾವ್ಳೆ ಸ್ವಾಮಿ, ಬಂದು ಹಿಡ್ಕೊಳ್ಳಿ ಅನ್ನು."

"ಹಂಗನ್ಬ್ಯಾಡಕ್ಕಾ."

"ಮತ್ತೆ ಹೆಂಗನ್ಲಿ? ದಾರಿ ಬುಡು."

ಅವನು ದಾರಿ ಬಿಟ್ಟ. ಹೇಳಲೂ ಇಲ್ಲ, ಬಲೆ ಹಿಡಿಯಲೂ ಇಲ್ಲ. ಹೆಂಗಸರು ಎದೆಮಟ್ಟ ನೀರಿಗೆ ಇಳಿದು ಬಲೆ ಸುತ್ತಿದರು. ಆಚೆ ದಡದಲ್ಲಿ ಗಾಳ ಹಾಕುತ್ತಿದ್ದ ಬಿಳಿಯರೊಬ್ಬರು ದುರ್ಬೀನು ಎತ್ತಿ ನೋಡಿದ್ದು ಅವರಿಗೆ ಕಾಣಲಿಲ್ಲ.

ಲಾರಿಗಳು ಬಂದವು. ಪಾವೊರಾನ ಜನ ಚಿಪ್ಪುಮೀನಿನ ಮೂಟೆಗಳನ್ನು ಇಳಿಸಿ, ಹೆಣದ ಮುಂದೆ ನಿಂತು ಅತ್ತು, ಊರವರ ಮೂಗಿಗೆ ಮೂಗು ತಾಗಿಸಿ ಸಾಲಾಗಿ ಸರಿದರು. ಅಡುಗೆ ಕೊಟ್ಟಿಗೆಯ ಹಿಂದೆ ನೆಲದೊಲೆ ಮುಚ್ಚಿತ್ತು. ಕಾಸಿದ ಕಲ್ಲಿನ ಮೇಲೆ ಗೆಡ್ಡೆಗೆಣಸು, ಅದರ ಮೇಲೆ ಎಲೆಯಲ್ಲಿ ಸುತ್ತಿದ ಮೀನು, ಅದರ ಮೇಲೆ ಒದ್ದೆ ಗೋಣಿ, ಮಣ್ಣು. ಆವಿ ಸಣ್ಣಗೆ ಏಳುತ್ತಿತ್ತು.

ಪ್ರಿಂಗಲ್ ಬಂದದ್ದು ಆಗ. ಜೊತೆಗೊಬ್ಬ ಕಾನ್‌ಸ್ಟೇಬಲ್, ಹಿಂದೆ ತಲೆ ತಗ್ಗಿಸಿದ ಹೋಹೆಪಾ. ರೇಂಜರ್ ಬೂಟುಗಾಲಲ್ಲೇ ಜಗುಲಿ ಹತ್ತಿದ. ಅಳುತ್ತಿದ್ದ ಮುದುಕಿಯರ ರಾಗ ಅರ್ಧಕ್ಕೆ ನಿಂತಿತು.

"ಮೀನು ಎಲ್ಲಿ?"

ಅವನ ಕಣ್ಣು ಎಲ್ಲರನ್ನೂ ದಾಟಿ ಹೆಣದ ಚಾಪೆಯ ಮೇಲೆ ನಿಂತಿತು.

"ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ? ಹೋದ ವರ್ಷ ತೊಟ್ಟಿಲಲ್ಲಿ ಬಚ್ಚಿಟ್ಟಿದ್ರಿ. ಈ ಸಲ ಹೆಣದ ಕೆಳಗೆ." ಬೆತ್ತದಿಂದ ಚಾಪೆಯ ಅಂಚು ತೋರಿಸಿದ. "ಹೋಹೆಪಾ! ಎತ್ತೋ ಇದನ್ನ."

ಹೋಹೆಪಾ ಕದಲಲಿಲ್ಲ. ಹೆಣ ಇದ್ದ ಕಡೆಗೆ ಅನ್ನ ನೀರು ಸುಳಿಯುವಂತಿಲ್ಲ. ಸತ್ತವರ ಚಾಪೆಯ ಕೆಳಗೆ ತಿನ್ನುವ ವಸ್ತು ಇಟ್ಟಾರೆಂದು ಆಡುವುದೇ ಮೈಲಿಗೆ. ಇನ್ನು ಮೊಮ್ಮಗ ತಾನೇ ಚಾಪೆ ಎತ್ತಿ, ಹೆಣವನ್ನು ಪಕ್ಕಕ್ಕೆ ಹೊರಳಿಸಿ ಮೀನು ಹುಡುಕುವುದೆಂದರೆ!

"ಸ್ವಾಮಿ, ಅವ್ರು ನಮ್ಮಜ್ಜಿ."

"ನಿಮ್ಮಜ್ಜಿಯಾದ್ರೆ ಇನ್ನೂ ಒಳ್ಳೇದು. ನೀನು ಎತ್ತಿದ್ರೆ ಅವಳೇನೂ ಅಂದ್ಕೊಳ್ಳಲ್ಲ. ಎತ್ತೋ! ಬೆಳಗ್ಗೆ ಇವರು ಬಲೆ ಹಾಕಿದ್ದು ನಿನಗೂ ಗೊತ್ತಿತ್ತು. ನೀನು ಯಾರ ಕಡೆಯವನು ಅಂತ ಇವತ್ತು ನೋಡೇ ಬಿಡ್ತೀನಿ."

ಹೋಹೆಪಾ ನಿಧಾನವಾಗಿ ಮಂಡಿಯೂರಿದ. ಚಾಪೆಯ ಅಂಚಿಗೆ ಕೈ ಹಾಕಿದ.

"ಮುಟ್ಬ್ಯಾಡ್ಲಾ!"

ರೋರಾ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಕೈ ತೆಗಿ. ಮೀನು ಇಲ್ಲಿಲ್ಲ. ಒಲೆಯಾಗೈತೆ. ಹಿಡಿದೋಳು ನಾನು, ಬೇಯೋಕಿಟ್ಟೋಳೂ ನಾನು. ಏ ದೊರೆ, ಜಗುಲಿ ಇಳಿ. ನಿಂಗೆ ಬೇಕಾಗಿರೋದು ಆ ಕಡೆ ಐತೆ."

ಪ್ರಿಂಗಲ್ ನಕ್ಕ. ಜಗುಲಿ ಇಳಿದ.

ಕೊಟ್ಟಿಗೆಯ ಹಿಂದೆ ಮಣ್ಣು ಸರಿಸಿ, ಗೋಣಿ ಎತ್ತಿಸಿದ. ಆವಿಯ ಜೊತೆ ಬೆಂದ ಮೀನಿನ ಘಮ ಇಡೀ ಅಂಗಳಕ್ಕೆ ಹರಡಿತು. ಹಸಿದ ಮಕ್ಕಳು ಹತ್ತಿರ ಓಡಿ ಬಂದವು. ಪ್ರಿಂಗಲ್ ಸಾಕ್ಷಿಗೆಂದು ನಾಲ್ಕು ಮೀನನ್ನು ಚೀಲಕ್ಕೆ ಹಾಕಿಸಿಕೊಂಡ. ಉಳಿದದ್ದರ ಮೇಲೆ ಸೀಮೆಎಣ್ಣೆ ಡಬ್ಬ ಬೋರಲು ಹಾಕಿದ. ಕಾದ ಕಲ್ಲಿಗೆ ಎಣ್ಣೆ ತಾಗಿ ಚುರ್ರೆಂದಿತು. ಕೆಳಗಿನ ಗೆಡ್ಡೆ, ಗೆಣಸು, ಎಲ್ಲ ಹೋಯಿತು.

"ಗೆಣಸು ಏನ್ಮಾಡಿತ್ತೋ ನಿಂಗೆ, ನಿನ್ನ ವಂಶ ನಾಶನಾಗ!" ಕಾಟೆರಿನಾ ಮಣ್ಣು ತೂರಿ ಶಾಪ ಹಾಕಿದಳು. "ಅದೂ ಸರ್ಕಾರದ್ದೇನೋ, ಬೋಳಿಮಗನೇ?"

ಕಾನ್‌ಸ್ಟೇಬಲ್ ರೋರಾಳ ರಟ್ಟೆ ಹಿಡಿದ. ಅಂಗಳದಲ್ಲಿ ಎಲೆ ಹಾಸಿದ ಉದ್ದನೆಯ ಮಣೆಗಳ ಮುಂದೆ ಪಾವೊರಾನ ಜನ ಕುಳಿತೇ ಇದ್ದರು. ಊರಿನ ಒಬ್ಬ ಗಂಡಸೂ ಅವರ ಕಡೆ ಮುಖವೆತ್ತಲಿಲ್ಲ. ಪಾವೊರಾ ಕೋಲೂರಿ ಎದ್ದ. ಎಂಬತ್ತು ದಾಟಿದ ಮುದುಕ. ಊಟ ಮುಗಿಸಿದವರ ಹಾಗೆ ಅಂಗೈಯಿಂದ ಬಾಯಿ ಒರೆಸಿಕೊಂಡ.

"ಉಂಡೆವು ತಾಯಿ," ಎಂದ, ರೋರಾಳ ಕಡೆ ತಿರುಗಿ. "ಘಮ ಇಲ್ಲಿಗೆ ಬಂತು. ನಮ್ಮ ಹೊಟ್ಟೆ ತುಂಬ್ತು. ಮಿರಿಯಾಮಾಳ ಮನೆಯೋರು ಬಂದೋರಿಗೆ ಇಕ್ಕಲಿಲ್ಲ ಅಂತ ಯಾವನಾದ್ರೂ ಅಂದ್ರೆ, ಅವನ ನಾಲಗೆ ಸೀಳ್ತೀನಿ."

ರೋರಾ ಅಳು ತಡೆದುಕೊಂಡದ್ದು ಅಲ್ಲಿಯವರೆಗೆ ಮಾತ್ರ.

ಪಟ್ಟಣದ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರ ಟೋಪಿ ಮೇಜಿನ ಮೇಲಿತ್ತು. ಅದರ ಪಟ್ಟಿಗೆ ಬಣ್ಣಬಣ್ಣದ ಗರಿಯ ಗಾಳಗಳನ್ನು ಸಿಕ್ಕಿಸಿಕೊಂಡಿದ್ದರು.

"ನ್ಯೂಜಿಲೆಂಡ್ ಸರ್ಕಾರಕ್ಕೆ ಸೇರಿದ ಮೀನನ್ನು ನೀನು ಬಲೆ ಹಾಕಿ ಹಿಡಿದದ್ದು ನಿಜವೆ?"

"ಹಿಡಿದದ್ದು ನಿಜ. ಸರ್ಕಾರದ್ದು ಅನ್ನೋದು ನಂಗೊತ್ತಿಲ್ಲ."

"ಟ್ರೌಟ್ ತಂದು ಬಿಟ್ಟವರು ಯಾರು?"

"ನೀವೇ."

"ಮತ್ತೆ?"

"ಅದು ತಿಂದಿದ್ದು ಏನು ಸ್ವಾಮಿ? ನಮ್ಮ ಕೊವಾರೊ. ನಮ್ಮಜ್ಜಿ ಕಾಲದಿಂದ ತಿಂತಾ ಬಂತು. ನಮ್ಮ ಮೀನೆಲ್ಲಾ ಅದರ ಹೊಟ್ಟೆಯಾಗೈತೆ. ನಾನು ನಮ್ಮ ಮೀನ ವಾಪಸ್ ತಕ್ಕೊಂಡೆ. ಚರ್ಮ, ಮುಳ್ಳು ನಿಮ್ದು. ಬೇಕಾದ್ರೆ ಕೊಟ್‌ಬುಡ್ತೀನಿ."

ಕೋರ್ಟು ಗೊಳ್ಳೆಂದು ನಕ್ಕಿತು. ಮ್ಯಾಜಿಸ್ಟ್ರೇಟರೂ ನಕ್ಕರು, ಸಂಜೆ ಕ್ಲಬ್ಬಿನಲ್ಲಿ ಹೇಳಿಕೊಳ್ಳಲು ಒಳ್ಳೆಯ ಮಾತು ಸಿಕ್ಕಿತೆಂದರು. ನಗುತ್ತಲೇ, ದಂಡ ಕಟ್ಟು, ಇಲ್ಲವಾದರೆ ಒಂದು ತಿಂಗಳು ಜೈಲು ಎಂದು ಬರೆದರು. ಕಡಲ ಕಡೆಯವರು ವಂತಿಗೆ ಎತ್ತಿ ಕಟ್ಟುತ್ತೇವೆಂದು ಹೇಳಿ ಕಳಿಸಿದರು. ರೋರಾ ಬೇಡವೆಂದಳು.

ಜೈಲಿನಲ್ಲಿ ಅವಳಿಗೆ ಬಟ್ಟೆ ಒಗೆಯುವ ಕೆಲಸ ಹಾಕಿದರು. ಮೊದಲ ಶುಕ್ರವಾರ ತಗಡಿನ ತಟ್ಟೆಯಲ್ಲಿ ಬ್ರೆಡ್ಡಿನ ಪಕ್ಕ ಬೇಯಿಸಿದ ಮೀನಿನ ತಲೆಕಡೆಯ ತುಂಡು ಬಂತು. ದಪ್ಪ ತಲೆ, ಬತ್ತಿದ ಒಡಲು. ನೋಡಿದ ಕೂಡಲೇ ಅವಳಿಗೆ ಗುರುತು ಹತ್ತಿತು.

"ಇದು ಎಲ್ಲಿದು?" ಎಂದು ಕಾವಲಿನ ಹೆಂಗಸನ್ನು ಕೇಳಿದಳು.

"ಸರೋವರದ್ದು. ಇಲಾಖೆಯವರು ಜೈಲಿಗೆ, ಆಸ್ಪತ್ರೆಗೆ ಪುಕ್ಕಟೆ ಕಳಿಸ್ತಾರೆ. ತಿನ್ನು, ತಿನ್ನು. ನಿಮ್ಮ ಊರಲ್ಲಿ ಇದೆಲ್ಲ ಎಲ್ಲಿ ಸಿಗುತ್ತೆ?"

ರೋರಾ ನಗತೊಡಗಿದಳು. ಬ್ರೆಡ್ಡು ಕೈಯಿಂದ ಬಿತ್ತು, ಕಣ್ಣಲ್ಲಿ ನೀರು ಬಂತು, ನಗು ನಿಲ್ಲಲಿಲ್ಲ. ಕಾವಲಿನವಳು ಹುಚ್ಚು ಹಿಡಿಯಿತೆಂದು ಬೆನ್ನ ಮೇಲೆ ಎರಡು ಬಿಟ್ಟ ಮೇಲೆ ರೋರಾ ಸುಮ್ಮನಾದಳು. ಆಮೇಲೆ ಮುಳ್ಳು ಸಹ ಬಿಡದೆ ತಿಂದಳು. ಕಾಯ್ದೆ ಮುರಿಯದೆ ಅವಳು ಟ್ರೌಟ್ ತಿಂದದ್ದು ಅದೇ ಮೊದಲು.

ಊರಿಗೆ ಮರಳಿದಾಗ ಅಜ್ಜಿಯ ಗೋರಿಯ ಮಣ್ಣು ಕುಸಿದಿತ್ತು. ಹೋಹೆಪಾ ಇನ್ನೂ ಅದೇ ಟೋಪಿಯಲ್ಲಿದ್ದ. ದಾರಿಯಲ್ಲಿ ಎದುರಾದ, ಮೂಗು ತಾಗಿಸಲು ಮುಂದೆ ಬಂದ. ರೋರಾ ಬಳಸಿಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ಕಾಟೆರಿನಾ ಅವಳನ್ನು ಕೈಹಿಡಿದು ಎಳೆದುಕೊಂಡು ಹೋದಳು. ಬಂಡೆಯ ಕೆಳಗೆ ಒರತೆ ಸರೋವರಕ್ಕೆ ಸೇರುವ ಕಡೆ ಇಬ್ಬರೂ ಬೋರಲು ಮಲಗಿದರು.

"ಉಸಿರು ಬಿಡಬ್ಯಾಡ. ಆ ಕಲ್ಲಿನ ನೆರಳು ನೋಡು."

ರೋರಾಳಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ನೀರೇ ಅಲುಗಿದಂತೆ ಬೆರಳುದ್ದದ ಒಂದು ಜೀವ ಸರಿಯಿತು. ಅದರ ಹಿಂದೆ ಇನ್ನೊಂದು. ಬೆನ್ನ ಮೇಲೆ ಸಣ್ಣ ಬಂಗಾರದ ಚುಕ್ಕೆ. ಅಜ್ಜಿಯ ಬಾಯಲ್ಲಿ ಕೇಳಿದ್ದಳೇ ಹೊರತು, ಕಣ್ಣಾರೆ ಕಂಡಿರಲಿಲ್ಲ.

"ಕೊವಾರೊ?"

"ಮತ್ತಿನ್ನೇನು, ನಿನ್ನ ಗಂಡನಾ? ಆ ಬಡಕಲು ಮುಂಡೇವನ್ನ ಬಲೆ ಹಾಕಿ ತೆಗೆದ್ರಲ್ಲ, ಎಲ್ಲೋ ತೊರೆ ಮೇಲೆ ಅವಿತಿದ್ದವು ಇಳಿದವೆ. ನಾಲ್ಕು ವರ್ಷ ಬುಟ್ರೆ ಸಾಕು ಕಣೇ, ಮತ್ತೆ ಹಿಂಡಾಗ್ತವೆ."

ರೋರಾ ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ.

ನಾಲ್ಕು ವರ್ಷವಲ್ಲ, ನಾಲ್ಕು ದಿನವೂ ಬಿಡಲಿಲ್ಲ. ಮರಿ ಸಾಕುವ ಕೊಳದಿಂದ ಇಲಾಖೆಯ ಲಾರಿ ಬಂದು ದೋಣಿಕಟ್ಟೆಯ ಹತ್ತಿರ ನಿಂತಿತು. ಇಂಗ್ಲೆಂಡಿನ ಯಾರೋ ದೊಡ್ಡ ದೊರೆ ಹೆಂಡತಿಯ ಜೊತೆ ಬಂದಿದ್ದ. ಫೋಟೋ ತೆಗೆಯುವವನು ಮೂರು ಕಾಲಿನ ಪೆಟ್ಟಿಗೆ ನಿಲ್ಲಿಸಿದ್ದ. ಹೋಹೆಪಾ ಹಾಲಿನ ಕ್ಯಾನಿನಂಥ ಎತ್ತರದ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ದಡದ ತೂತುತೂತಾದ ಬೂದುಗಲ್ಲಿನ ಹರಳುಗಳ ಮೇಲೆ ಸಾಲಾಗಿ ಇಡುತ್ತಿದ್ದ. ಊರ ಹೆಂಗಸರು ದೂರ ನಿಂತು ನೋಡುತ್ತಿದ್ದರು. ರೋರಾ ನೇರ ತಮ್ಮನ ಹತ್ತಿರ ಹೋದಳು. ಊರಿಗೆ ಬಂದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು.

"ಡಬ್ಬದಲ್ಲಿ ಏನೈತೆ?"

"ಮರಿ ಅಕ್ಕಾ. ಟ್ರೌಟ್ ಮರಿ. ಹೊಸಾ ತಳಿಯಂತೆ. ಬೇಗ ಕೊಬ್ತವಂತೆ."

"ಏನು ತಿಂದು?"

ಹೋಹೆಪಾ ನೀರಿನ ಕಡೆ ನೋಡಿದ.

ರೋರಾ ಮೊದಲ ಡಬ್ಬದ ಮುಚ್ಚಳ ತೆಗೆದಳು. ಅದು ಅವಳ ಸೊಂಟದೆತ್ತರವಿತ್ತು. ಭುಜ ಕೊಟ್ಟು ತಳ್ಳಿದಳು. ಡಬ್ಬ ಉರುಳಿತು, ನೀರು ಬೂದುಗಲ್ಲಿನೊಳಗೆ ಒಂದೇ ಗುಟುಕಿಗೆ ಇಂಗಿತು. ಮೇಲೆ ಉಳಿದದ್ದು ಮರಿಗಳು. ಬೆಳ್ಳಿಯ ಸೂಜಿಗಳನ್ನು ಚೆಲ್ಲಿದ ಹಾಗೆ ದಡವೆಲ್ಲ ಮಿಡಿಯತೊಡಗಿತು.

ದೊರೆಯ ಹೆಂಡತಿ ಅಯ್ಯೋ ಎಂದಳು. ಅಷ್ಟರಲ್ಲಿ ಕಾಟೆರಿನಾ ಲಂಗ ಎತ್ತಿ ಕಟ್ಟಿಕೊಂಡು ಓಡಿ ಬಂದು ಎರಡನೆಯದಕ್ಕೆ ಒದ್ದಳು. ಇನ್ನುಳಿದ ಹೆಂಗಸರೂ ನುಗ್ಗಿದರು. ಡಬ್ಬಗಳು ಧಡಧಡನೆ ಉರುಳಿದವು. ಎಲ್ಲಿದ್ದವೋ ಕಡಲಹಕ್ಕಿಗಳು, ಕಿರುಚುತ್ತ ಮೇಲೆ ಸುತ್ತತೊಡಗಿದವು.

"ಎತ್ರೋ! ಎತ್ತಿ ನೀರಿಗೆ ಹಾಕ್ರೋ!" ಪ್ರಿಂಗಲ್ ಬೆತ್ತ ಬೀಸುತ್ತ ಓಡಿ ಬಂದ. "ಬಗ್ಗ್ರೇ! ಎಲ್ಲರನ್ನೂ ಜೈಲಿಗೆ ಹಾಕಿಸ್ತೀನಿ, ಬಗ್ಗಿ ಎತ್ರೇ!"

ಒಬ್ಬಳೂ ಬಗ್ಗಲಿಲ್ಲ. ಕೈ ಕಟ್ಟಿ ನಿಂತರು. ಪ್ರಿಂಗಲ್ ಬೆತ್ತ ಬಿಸಾಡಿದ. ದೊರೆಯ ಮುಂದೆಯೇ ಮಂಡಿಯೂರಿ, ಟೋಪಿ ಕಳಚಿ, ಮಣ್ಣೂ ಮರಿಯೂ ಒಟ್ಟಿಗೆ ಬಾಚಿ ಬಾಚಿ ಅದಕ್ಕೆ ತುಂಬತೊಡಗಿದ. ಬೆರಳ ಸಂದಿಯಲ್ಲಿ ಮರಿಗಳು ಸೋರಿ ಬೀಳುತ್ತಿದ್ದವು. ಫೋಟೋದವನು ಕರಿಬಟ್ಟೆಯೊಳಗೆ ತಲೆ ಹಾಕಿದವನು ತೆಗೆಯಬೇಕೋ ಬೇಡವೋ ತಿಳಿಯದೆ ಹಾಗೇ ಇದ್ದ. ರಸ್ತೆಯ ಮೇಲಿನಿಂದ ಕಾನ್‌ಸ್ಟೇಬಲ್ ಇಳಿದು ಬರುತ್ತಿದ್ದ.

ರೋರಾ ಅವನು ಬರುವುದನ್ನು ನೋಡಿದಳು. ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. ಸೊಂಟದಿಂದ ಹೊಗೆ ಸೇದುವ ಕೊಳವೆ ತೆಗೆದು, ಹೊಗೆಸೊಪ್ಪನ್ನು ಹೆಬ್ಬೆರಳಲ್ಲಿ ಒತ್ತಿ ತುಂಬಿದಳು.

"ಯಾರ ಹತ್ರಾನಾದ್ರೂ ಬೆಂಕಿಕಡ್ಡಿ ಐತಾ?" ಎಂದಳು.

"ಹೋಹೆಪಾ!" ಪ್ರಿಂಗಲ್ ನೆಲದಿಂದಲೇ ಅರಚಿದ. "ನೀರು ತಾರೋ! ಸತ್ತು ಹೋಗ್ತಿವೆ, ನೀರು ತಾರೋ!"

ಹೋಹೆಪಾ ಕೋಟಿನ ಜೇಬುಗಳನ್ನು ಒಂದೊಂದಾಗಿ ತಡಕುತ್ತಿದ್ದ.